ಸೊಸೆಯ ಸಮುದ್ರ

೨ ಏಪ್ರಿಲ್ ೨೦೦೭, ಸೋಮವಾರ
ಚಾಮರಾಜನಗರ

ಶಾಲೆಯಲ್ಲಿದ್ದಷ್ಟು ಕಾಲ ದಿನಚರಿ ಬರೆದು ಇನ್‌ಸ್ಪೆಕ್ಟರ ಸಹಿಗೆ ಇಡುತ್ತಿದ್ದೆ. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರುವುದಿಲ್ಲ. ಈಗ ಸಹಿ ಹಾಕುವವರಿಲ್ಲ, ಹಾಗಾಗಿ ಸುಳ್ಳು ಬರೆಯುವ ಅಗತ್ಯವೂ ಇಲ್ಲ.

ಸೊಸೆ ಕಾವ್ಯಶ್ರೀ ನಿನ್ನೆ ತವರಿಗೆ, ಬೇಗೂರಿಗೆ ಹೋದಳು. ಅವಳಿಗೆ ಐದನೇ ತಿಂಗಳು. ಬಿ.ಪಿ. ಜಾಸ್ತಿ ಇದೆ, ವಿಶ್ರಾಂತಿ ಬೇಕು, ಮನಸ್ಸಿಗೆ ಬೇಸರವಾಗುವಂಥದ್ದು ಏನೂ ಕಿವಿಗೆ ಬೀಳಬಾರದು ಎಂದಿದ್ದಾರೆ ಡಾಕ್ಟರು. ನಮ್ಮಲ್ಲಿ ಏಳನೇ ತಿಂಗಳಲ್ಲಿ ಗಂಡನ ಮನೆಯವರು ಮಡಿಲು ತುಂಬಿ, ಆಮೇಲೆ ಬಸುರಿಯನ್ನು ತವರಿಗೆ ಕಳಿಸುವುದು ಪದ್ಧತಿ. ಇವಳು ಅದಕ್ಕೆ ಮುಂಚೆಯೇ ಹೊರಟಳು. ಬೀದಿಯವರು ಬಾಯಿಗೆ ಬಂದದ್ದು ಆಡಿಕೊಳ್ಳಲಿ. ಮಡಿಲು ತುಂಬುವ ಹೊತ್ತಿಗೆ ಬಂದೇ ಬರುತ್ತಾಳೆ, ಬರದೆ ಎಲ್ಲಿ ಹೋಗುತ್ತಾಳೆ?

ಅಲ್ಲಿಯವರೆಗೆ ಅವಳ ಸಮುದ್ರ ನನ್ನ ಕೈಯಲ್ಲಿ. ಸಮುದ್ರವೆಂದರೆ ಪಡಸಾಲೆಯಲ್ಲಿರುವ ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ, ಒಳಗೆ ಮೀನು, ಹವಳ. ಕಾರವಾರದಲ್ಲಿ ಕಡಲಿನ ಜೀವಿಗಳ ಮೇಲೆ ಎಂ.ಎಸ್ಸಿ. ಓದಿದ ಹುಡುಗಿ, ರೇಷ್ಮೆ ಇಲಾಖೆಯಲ್ಲಿರುವ ನನ್ನ ಮಗ ಶಿವಶಂಕರನನ್ನು ಕಟ್ಟಿಕೊಂಡು, ಕೆರೆ ತುಂಬಿದರೇ ಹಬ್ಬ ಎನ್ನುವ ಈ ಊರಿಗೆ ಬಂದಳು. ಓದಿದ್ದಕ್ಕೆ ತಕ್ಕ ಕೆಲಸ ಇಲ್ಲಿ ಯಾರು ಕೊಡುತ್ತಾರೆ? ಒಡವೆ ಬೇಡ, ಫ್ರಿಜ್ ಬೇಡ, ಒಂದು ಉಪ್ಪುನೀರಿನ ತೊಟ್ಟಿ ಇಟ್ಟುಕೊಳ್ಳುತ್ತೇನೆ ಎಂದಳು. ಮಗ ಕುಣಿದುಕೊಂಡು ತಂದುಕೊಟ್ಟ. ಲಿಂಗಾಯತರ ಮನೆಯ ಪಡಸಾಲೆಯಲ್ಲಿ ಮೀನು! ನಾನು ಬೇಡವೆಂದೆ, ನೇರವಾಗಿಯೇ ಎಂದೆ. ನನ್ನದು ಹೊಟ್ಟೆಯಲ್ಲಿ ಒಂದು ಬಾಯಲ್ಲಿ ಒಂದು ಅಲ್ಲ. ಆದರೆ ಈಗ ಒಪ್ಪಿಕೊಂಡಿದ್ದೇನೆ. ಒಪ್ಪಿಕೊಂಡ ಕೆಲಸವನ್ನು ಶಿವರುದ್ರಮ್ಮ ಕೆಡಿಸಿದಳು ಎಂದು ಇದುವರೆಗೆ ಯಾರೂ ಅಂದಿಲ್ಲ.

ಹೋಗುವ ಮುಂಚೆ ಎಲ್ಲ ಹೇಳಿಕೊಟ್ಟಳು. ಮೀನಿಗೆ ಎರಡು ಬೆರಳಲ್ಲಿ ಹಿಡಿದಷ್ಟು ಆಹಾರ. ದೀಪ ಬೆಳಿಗ್ಗೆ ಹಾಕಿ ಸಂಜೆ ಆರಿಸಬೇಕು. ಆವಿಯಾಗಿ ಕಡಿಮೆಯಾದಷ್ಟು ಫಿಲ್ಟರ್ ನೀರನ್ನು, ಉಪ್ಪು ಬೆರೆಸದೆ, ದಿನಾ ತುಂಬಬೇಕು. "ಅತ್ತೆ, ನೀರು ಮಾತ್ರ ಆ ಬಿಳೀ ಕ್ಯಾನಿಂದಲೇ..." ಎಂದು ಏನೋ ಶುರುಮಾಡಿದಳು. "ನೀರಿನ ವಿಷಯ ನನಗೆ ಹೇಳಿಕೊಡಬೇಡ ಕಣಮ್ಮ. ನೀನು ಹುಟ್ಟೋಕೆ ಮುಂಚಿನಿಂದ ಮಕ್ಕಳಿಗೆ ಶುದ್ಧ ನೀರಿನ ಪಾಠ ಮಾಡಿದೀನಿ" ಎಂದೆ. ಸುಮ್ಮನಾದಳು. ಜಾಣೆ, ಒಂದೇ ಮಾತಿಗೆ ಅರ್ಥಮಾಡಿಕೊಳ್ಳುತ್ತಾಳೆ.

೫ ಏಪ್ರಿಲ್, ಗುರುವಾರ

ಇದೇನು ಬ್ರಹ್ಮವಿದ್ಯೆಯಲ್ಲ. ನಲವತ್ತು ಮಕ್ಕಳಿದ್ದ ಒಂದನೇ ತರಗತಿಯನ್ನು ಸಂಭಾಳಿಸಿದವಳಿಗೆ ಐದು ಮೀನು ಯಾವ ಲೆಕ್ಕ!

ಕ್ಯಾನಿನ ವ್ಯವಸ್ಥೆಯನ್ನು ಮೊದಲ ದಿನವೇ ಸರಿಪಡಿಸಿದೆ. ಫಿಲ್ಟರಿನಿಂದ ಬಂದ ನೀರು ಪ್ಲಾಸ್ಟಿಕ್ಕಿನಲ್ಲಿ ದಿನಗಟ್ಟಲೆ ಕೂತು ಮುಗ್ಗುವುದು ಯಾಕೆ? ಅದನ್ನು ನನ್ನ ಅವ್ವನ ತಾಮ್ರದ ಬಿಂದಿಗೆಗೆ ತುಂಬಿಡುತ್ತೇನೆ, ಮಾರನೆಯ ಬೆಳಿಗ್ಗೆ ತೊಟ್ಟಿಗೆ ಹಾಕುತ್ತೇನೆ. ಸೋಮವಾರ ಸೋಮವಾರ ಹುಣಸೆಹಣ್ಣು ಹಾಕಿ ಒಳಗೂ ಹೊರಗೂ ಬೆಳಗುವ ಬಿಂದಿಗೆ ಅದು. ನಾವು ಕುಡಿಯುವುದೂ ಅದರದ್ದೇ, ಶಿವನ ತಲೆಯ ಮೇಲೆ ಸುರಿಯುವುದೂ ಅದರದ್ದೇ. ತಾಮ್ರದಲ್ಲಿ ನಿಂತ ನೀರಿನಲ್ಲಿ ಕಣ್ಣಿಗೆ ಕಾಣದ ಕ್ರಿಮಿಯೆಲ್ಲ ಸಾಯುತ್ತವೆ. ಇದನ್ನು ಐದನೇ ತರಗತಿಯವರಿಗೆ ಎಷ್ಟು ಸಲ ಹೇಳಿಲ್ಲ ನಾನು!

ಪಕ್ಕದ ಮನೆಯ ಚಿಕ್ಕಬಸಮ್ಮ ಬಂದು ಇಣುಕಿ ನೋಡಿ, "ಇವು ಅವ್ಳವಂತಾ ಟೀಚರಮ್ಮ? ಪೋಣ್ಸಿ ಸರ ಮಾಡ್ಕಬೋದಾ?" ಎಂದಳು. ಇದು ಆ ಜಾತಿಯಲ್ಲ, ಮೆತ್ತನೆಯ ಹವಳ, ಜೀವ ಇರುವಂಥದ್ದು ಎಂದೆ. ನಮ್ಮ ದೇಶದ ಕಡಲಿನ ಹವಳ ಮುಟ್ಟಿದರೆ ಜೈಲು, ಇವು ಹೊರದೇಶದ ತೊಟ್ಟಿಯಲ್ಲೇ ಬೆಳೆಸಿದವು, ಬಿಲ್ಲು ಇದೆ ಎಂದೂ ಹೇಳಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

ಎಂದೂ ಹತ್ತಿರ ಕೂತು ನೋಡಿರಲಿಲ್ಲ. ಎಡಗಡೆ ನೇರಳೆ ಬಣ್ಣದವು, ಅಣಬೆಯ ಹಾಗೆ. ನಡುವೆ ಹಸಿರು ಗುಂಡಿಗಳು, ರವಿಕೆಗೆ ಹಾಕುವ ಗುಂಡಿಯಷ್ಟು. ಬಲಗಡೆ ಬೆರಳು ಬಿಡಿಸಿದ ದೊಡ್ಡ ಕೈಯಂಥ ಒಂದು ಹವಳ, ಅದರ ಮೈತುಂಬ ಎಳೆ ಎಳೆ. ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುವ ಬಸವನಹುಳುಗಳಿವೆ. ಕೆಂಪು ಬಿಳಿ ಪಟ್ಟೆಯ ಒಂದು ಸೀಗಡಿಯಿದೆ, ಅದು ಮೀನುಗಳ ಮೈ ತಿಕ್ಕಿಕೊಡುತ್ತದೆ, ಎಣ್ಣೆಸ್ನಾನ ಮಾಡಿಸುವ ಸೂಲಗಿತ್ತಿಯ ಹಾಗೆ.

೧೪ ಏಪ್ರಿಲ್, ಶನಿವಾರ

ಒಂದು ಬಸವನಹುಳು ಮಗುಚಿಕೊಂಡು ಬಿದ್ದಿತ್ತು. ಸತ್ತಿದೆ. ವಯಸ್ಸಾಗಿತ್ತೋ ಏನೋ. ಬೇಗೂರಿಗೆ ಫೋನ್ ಮಾಡಿದಾಗ ಹೇಳಲಿಲ್ಲ.

೨೦ ಏಪ್ರಿಲ್, ಶುಕ್ರವಾರ

ಬಸವ ಜಯಂತಿ. ಪೂಜೆ, ಪಾಯಸ ಎಲ್ಲ ಆದಮೇಲೆ ತೊಟ್ಟಿಯ ಮುಂದೆ ಕೂತೆ. ಹಸಿರು ಗುಂಡಿಗಳು ಹಸಿರಾಗಿಲ್ಲ. ಒಗೆದು ಒಗೆದು ಬಣ್ಣ ಹೋದ ರವಿಕೆಯ ಹಾಗಿವೆ. ದೊಡ್ಡ ಕೈ ತನ್ನ ಎಳೆಗಳನ್ನೆಲ್ಲ ಒಳಗೆ ಎಳೆದುಕೊಂಡು ಮುದುರಿ ನಿಂತಿದೆ. ಇನ್ನೂ ಎರಡು ಬಸವನಹುಳು ಹೋಗಿವೆ.

ಒಮ್ಮೆ ಕಾವ್ಯ ಹೇಳಿದ್ದು ನೆನಪಾಯಿತು. ಆಗ ಅವಳು ಮದುವೆಯಾಗಿ ಬಂದ ಹೊಸತು, ಇನ್ನೂ ತಾನಾಗಿ ಮಾತಾಡುತ್ತಿದ್ದಳು. ಹವಳದ ಬಣ್ಣ ಬಹುಪಾಲು ಹವಳದ್ದಲ್ಲವಂತೆ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗೆ ಇರುತ್ತದಂತೆ. ಬೆಳಕಿನಲ್ಲಿ ಅಡಿಗೆ ಮಾಡಿ ಮನೆಯವರಿಗೂ ಬಡಿಸುತ್ತದಂತೆ. ಹವಳಕ್ಕೆ ಏನಾದರೂ ಬಾಧೆಯಾದರೆ ಬಾಡಿಗೆಯವರನ್ನು ಹೊರಗೆ ಹಾಕಿಬಿಡುತ್ತದೆ, ಆಗ ಬಿಳಿಚಿಕೊಳ್ಳುತ್ತದೆ. ಬಿಳಿಚಿಕೊಂಡ ಕೂಡಲೇ ಸತ್ತ ಹಾಗಲ್ಲ, ಆದರೆ ಹಸಿದಿರುತ್ತದೆ. ಬಾಧೆ ಬೇಗ ಹೋದರೆ ಬಾಡಿಗೆಯವರು ವಾಪಸ್ಸು ಬರಬಹುದು. ತಡವಾದರೆ ಇಲ್ಲ.

ಹಾಗಾದರೆ ಪ್ರಶ್ನೆ ಸುಲಭ. ಬಾಧೆ ಯಾವುದು? ತರಗತಿಯಲ್ಲಿ ಕಳ್ಳನನ್ನು ಹಿಡಿಯುವ ಕ್ರಮವೇ ಇಲ್ಲಿಗೂ ಸಾಕು. ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಕೇಳುವುದು.

ಸಂಜೆ ಕಾವ್ಯ ಫೋನಿನಲ್ಲಿ "ಹವಳ ಹೆಂಗಿವೆ ಅತ್ತೆ?" ಎಂದಳು. "ನಿನಗಿಂತ ಚೆನ್ನಾಗಿವೆ" ಎಂದೆ. ಡಾಕ್ಟರ ಮಾತು ಮೀರುವ ಹಾಗಿಲ್ಲವಲ್ಲ.

೨೪ ಏಪ್ರಿಲ್, ಮಂಗಳವಾರ

ಮೊದಲ ಅನುಮಾನ ಬಿಸಿಲಿನ ಮೇಲೆ. ಹೊರಗೆ ಹಂಚು ಕಾದು ಸುಡುತ್ತಿದೆ. ತೊಟ್ಟಿಯ ಥರ್ಮಾಮೀಟರ್ ನೋಡಿದೆ, ಕಾವ್ಯ ಹಾಕಿದ ಗುರುತಿನೊಳಗೇ ಇದೆ. ಅವಳು ಕಟ್ಟಿಟ್ಟ ಸಣ್ಣ ಫ್ಯಾನು ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ಕರೆಂಟು ಹೋದರೂ ಬ್ಯಾಟರಿಯಲ್ಲಿ ಗಾಳಿ ಹೋಗುತ್ತದೆ. ಎಲ್ಲಕ್ಕೂ ಮುಂದಾಲೋಚನೆ ಮಾಡಿಟ್ಟಿದ್ದಾಳೆ ಹುಡುಗಿ. ಬಿಸಿಲು ನಿರಪರಾಧಿ.

ಎರಡನೆಯದು ದೀಪ. ಲೋಡ್ ಶೆಡ್ಡಿಂಗಿನಲ್ಲಿ ಬೆಳಕು ಕಡಿಮೆಯಾಯಿತೇನೋ ಎಂದು ರಾತ್ರಿ ಊಟದ ಹೊತ್ತಿನವರೆಗೂ ಉರಿಸಿದೆ. ಇನ್ನಷ್ಟು ಬಿಳಿಚಿದವು. ಮತ್ತೆ ಮೊದಲಿನ ಹೊತ್ತಿಗೇ ತಂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

೨೮ ಏಪ್ರಿಲ್, ಶನಿವಾರ

ಮೂರನೆಯ ಅನುಮಾನ ನನ್ನ ಮಗನ ಮೇಲೆ. ಹೆಂಡತಿ ನೆನಪಾದಾಗಲೆಲ್ಲ ಮೀನಿಗೆ ಆಹಾರ ಹಾಕುತ್ತಾನೆ. ಆಹಾರ ಹೆಚ್ಚಾದರೆ ನೀರು ಕೆಡುತ್ತದೆ. ನಿಲ್ಲಿಸಿ ಕೇಳಿದೆ.

"ಅವ್ವಾ, ನಾನ್ಯಾಕೆ ಜಾಸ್ತಿ ಹಾಕ್ಲಿ? ಡಬ್ಬಿ ನೀನೇ ಬೀರುನಲ್ಲಿ ಬೀಗ ಹಾಕಿ ಇಟ್ಕಂಡಿದೀಯ."

ಅದೂ ನಿಜವೇ. ಮರೆತಿದ್ದೆ.

ಅವನು ಶೂ ಹಾಕಿಕೊಳ್ಳುತ್ತಾ ತಲೆ ಎತ್ತದೆ ಇನ್ನೊಂದು ಮಾತು ಹೇಳಿದ. "ಇವೆಲ್ಲ ಸತ್ತೋದ್ರೆ ಜನ ಏನಂತಾರೆ ಗೊತ್ತಾ? ಮೀನ್ ಪೆಟ್ಟಿಗೆ ಆಚೆ ಹಾಕು ಅಂದಿದ್ದು ನೀನೇ. ಸಮುದ್ರ ಬೇಕಿದ್ರೆ ಕಾರವಾರದಲ್ಲೇ ಗಂಡು ನೋಡ್ಬೇಕಿತ್ತು ಅಂತ ಅವಳ ಮುಖಕ್ಕೇ ಅಂದಿದ್ದೂ ನೀನೇ. ಅದಾಗಿ ವಾರಕ್ಕೆ ಅವಳು ಬೇಗೂರಿಗೆ ಹೋದ್ಲು."

"ಅವಳು ಹೋಗಿದ್ದು ಬಿ.ಪಿ.ಗೆ" ಎಂದೆ.

"ಹೂಂ. ಬಿ.ಪಿ.ಗೆ" ಎಂದು ಬೈಕು ಹತ್ತಿದ.

ಆ ಮಾತನ್ನು ನಾನು ತಮಾಷೆಗೆ ಆಡಿದ್ದು. ಅವಳೂ ಏನೂ ಅಂದಿರಲಿಲ್ಲ. ಬೇಜಾರಾಗಿದ್ದರೆ ಹೇಳಬಹುದಿತ್ತು, ಬಾಯಿಲ್ಲವೇ? ಇರಲಿ. ಈಗ ಕಾರಣ ಕಂಡುಹಿಡಿಯಲೇಬೇಕು. ಸೊಸೆಯ ಮೇಲಿನ ಸಿಟ್ಟಿಗೆ ಮೂಕಜೀವಿಗಳನ್ನು ಕೊಂದಳು ಅನ್ನಿಸಿಕೊಂಡು ಈ ಬೀದಿಯಲ್ಲಿ ತಲೆ ಎತ್ತಿ ನಡೆಯುವುದು ನನ್ನಿಂದಾಗದು.

೩ ಮೇ, ಗುರುವಾರ

ಸೀಗಡಿ ಸತ್ತಿತು.

ಬೆಳಿಗ್ಗೆ ಕಲ್ಲಿನ ಸಂದಿಯಲ್ಲಿ ಬಿದ್ದಿತ್ತು. ಪಟ್ಟೆಯ ಬಣ್ಣ ಇನ್ನೂ ಹೋಗಿರಲಿಲ್ಲ. ಕಾವ್ಯ ತೊಟ್ಟಿಯೊಳಗೆ ಕೈ ಇಟ್ಟರೆ ಇದು ಬಂದು ಅವಳ ಉಗುರಿನ ಸುತ್ತ ಕೆರೆದು ಚೊಕ್ಕಟ ಮಾಡುತ್ತಿತ್ತು. ಅವಳು ಆಗ ಮಗುವಿನ ಹಾಗೆ ನಗುತ್ತಿದ್ದಳು. ಅಡಿಗೆಮನೆಯಿಂದ ಆ ನಗು ಕೇಳಿಸಿದಾಗಲೆಲ್ಲ ನಾನು ಏನಾದರೂ ಒಂದು ಕೆಲಸ ಹೇಳಿ ಕರೆಯುತ್ತಿದ್ದೆ. ಯಾಕೋ ಇವತ್ತು ಅದೇ ನೆನಪಾಗುತ್ತಿದೆ.

ತುಳಸಿಕಟ್ಟೆಯ ಪಕ್ಕ ಮಣ್ಣು ತೋಡಿ ಹಾಕಿದೆ. ಚಿಕ್ಕಬಸಮ್ಮ ಕಾಂಪೌಂಡಿನ ಮೇಲಿಂದ ನೋಡಿ, "ದೃಷ್ಟಿ ಆಗ್ಬುಟ್ಟದೆ ಕಣ್ ಟೀಚರಮ್ಮ. ಅಷ್ಟು ಚೆಂದಾಗ್ ಇಟ್ಕಂಡ್ರೆ ಆಗ್ದೇ ಇರ್ತದಾ? ಮೆಣಸಿನಕಾಯಿ ನೀವಳ್ಸಿ ಬೆಂಕಿಗಾಕ್ಬುಡಿ" ಎಂದಳು. ನಾನು ಅಂಥದ್ದನ್ನೆಲ್ಲ ನಂಬುವವಳಲ್ಲ ಎಂದು ಅವಳಿಗೂ ಗೊತ್ತು. ಆದರೂ ಬೆಂಕಿ ಎಂದಾಗ ಒಂದು ಯೋಚನೆ ಬಂತು. ದಿನಾ ಪಡಸಾಲೆಯಲ್ಲಿ ಸಾಂಬ್ರಾಣಿ ಹಾಕುತ್ತೇನಲ್ಲ, ಆ ಹೊಗೆ ನೀರಿಗೆ ಸೇರುತ್ತಿದೆಯೇ? ಇವತ್ತಿನಿಂದ ಸಾಂಬ್ರಾಣಿ ಬಂದ್. ಮದುವೆಯಾಗಿ ಬಂದಾಗಿನಿಂದ ಬಿಡದೆ ನಡೆಸಿದ್ದು. ಶಿವ ಏನೂ ಅಂದುಕೊಳ್ಳುವುದಿಲ್ಲ.

೯ ಮೇ, ಬುಧವಾರ

ಸಾಂಬ್ರಾಣಿಯಲ್ಲ.

೧೦ ಮೇ, ಗುರುವಾರ

ಎಲ್ಲ ಬಿಳಿ. ನೇರಳೆ ಅಣಬೆಗಳೂ.

ಕಾವ್ಯಳ ತಾಯಿ ಪುಟ್ಟಸಿದ್ದಮ್ಮನಿಗೆ ಫೋನ್ ಮಾಡಿ ಮಡಿಲು ತುಂಬುವ ದಿನದ ಮಾತೆತ್ತಿದೆ. "ಅಧಿಕ ಮಾಸ ಬತ್ತಾ ಅದಲ್ಲ ಕಣಕ್ಕ. ಅದು ಕಳೀಲಿ, ನೋಡನ" ಎಂದರು. "ಅಧಿಕ ಮಾಸ ಕಳೆದ ಮೇಲೆ?" ಎಂದೆ. "ನೋಡನ ಕಣಕ್ಕ. ಅವ್ಳ ಮನ್ಸು ಎಂಗಿದ್ದದೋ" ಎಂದರು. ಬಿ.ಪಿ. ಎನ್ನಲಿಲ್ಲ, ಮನಸ್ಸು ಎಂದರು.

೧೧ ಮೇ, ಶುಕ್ರವಾರ

ಬುದ್ಧಿ ಉಪಯೋಗಿಸು ಶಿವರುದ್ರಮ್ಮ. ಗೊತ್ತಿರುವುದನ್ನು ಒಂದು ಕಡೆ ಇಟ್ಟು ನೋಡು.

ಮೀನುಗಳಿಗೆ ಏನೂ ಆಗಿಲ್ಲ. ಮದುವೆ ಮನೆಯ ಮಕ್ಕಳ ಹಾಗೆ ಓಡಾಡಿಕೊಂಡಿವೆ. ಮೊದಲು ಹೋದದ್ದು ಬಸವನಹುಳು, ಆಮೇಲೆ ಸೀಗಡಿ. ಆ ಹೊತ್ತಿನಲ್ಲೇ ಹವಳ ಬಣ್ಣ ಬಿಡುತ್ತಾ ಬಂತು. ಮೂರಕ್ಕೂ ಬೆನ್ನುಮೂಳೆಯಿಲ್ಲ. ನೀರು ಕೊಳೆತಿದ್ದರೆ ಮೀನು ಮೊದಲು ಬಾಯಿ ಬಿಡುತ್ತಿತ್ತು. ಹಾಗಾದರೆ ಇದು ಬೆನ್ನುಮೂಳೆಯಿಲ್ಲದವುಗಳನ್ನೇ ಹುಡುಕಿ ಹಿಡಿಯುವ ವಿಷ. ಹೊರಗಿನಿಂದ ಬಂದದ್ದು. ಯಾರೋ ಹಾಕುತ್ತಿದ್ದಾರೆ.

ಮನೆಯಲ್ಲಿರುವುದು ನಾನು, ಮಗ. ಅಡಿಗೆಮನೆಯ ಜಿರಳೆ ಔಷಧಿ ಎಸೆದೆ. ಸೊಳ್ಳೆ ಬತ್ತಿ ಎಸೆದೆ. ಮಗನ ಶೂ ಪಾಲಿಷ್ ಜಗುಲಿಗೆ ಹೋಯಿತು. ಅವನೋ, ತೊಟ್ಟಿಯ ಮುಂದೆ ನನ್ನ ಕುರ್ಚಿ ಖಾಯಂ ಆಗಿ ಬಿದ್ದಿರುವುದನ್ನು ನೋಡಿ, ಟಿ.ವಿ. ಸದ್ದು ತಗ್ಗಿಸಿದ.

೧೭ ಮೇ, ಗುರುವಾರ

ನನ್ನ ತವರಿಗೆ, ಭೀಮನಬೀಡಿಗೆ ಹೋಗಿಬಂದೆ. ನಿಧಾನವಾಗಿ ಬರೆಯುತ್ತೇನೆ.

ತಮ್ಮ ದೊಡ್ಡಮಲ್ಲಪ್ಪ ಎಲೆಕೋಸಿನ ಸಸಿಮಡಿ ಮಾಡಿದ್ದಾನೆ. ಎರಡು ಹದ ಮಳೆ ಬಿದ್ದು ಬದುವಿನ ತುಂಬ ಬಸವನಹುಳು. ಊಟಕ್ಕೆ ಮುಂಚೆ ಹೊಲ ತೋರಿಸಲು ಕರೆದುಕೊಂಡು ಹೋದ. "ನೋಡಕ್ಕ, ಒಂದ್ ಸಸೀನೂ ಬುಡ್ತಾ ಇಲ್ಲ ಬಡ್ಡೆತ್ತವು. ಬೆಳಗಾಗಟ್ಟಿಗೆ ಕಡ್ಡಿ ಮಾತ್ರ ಉಳ್ಕತದೆ. ಏನ್ ಮಾಡನ ಏಳು?" ಎಂದ.

"ಇಷ್ಟು ವರ್ಷ ಬೇಸಾಯ ಮಾಡಿದೀಯ, ಇದೂ ಗೊತ್ತಿಲ್ವೇನೋ? ಮೈಲುತುತ್ತ ನೀರಿಗೆ ಕಲಸಿ ಮಡಿ ಸುತ್ತ ಹಾಕು. ಒಂದೂ ದಾಟೋದಿಲ್ಲ" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಟೀಚರಮ್ಮ ಹೇಗಾದೇನು? ವಿವರಣೆಯನ್ನೂ ಕೊಟ್ಟೆ. "ಮೈಲುತುತ್ತ ಅಂದರೆ ಏನು ಗೊತ್ತೇ? ತಾಮ್ರ ಕಣೋ. ನಮಗೆ ಏನೂ ಮಾಡೋದಿಲ್ಲ ಅನ್ನೋ ಅಷ್ಟು ಸ್ವಲ್ಪ ತಾಮ್ರ ಸೋಕಿದರೂ ಬಸವನಹುಳು ಬದುಕೋದಿಲ್ಲ."

"ಅಕ್ಕ ಎಲ್ಲೋದ್ರೂ ಪಾಠಾನೇ" ಎಂದು ನಕ್ಕ. ನಾನೂ ನಕ್ಕೆ. ಹೊಟ್ಟೆ ತುಂಬ ಉಂಡೆ. ಅವನ ಹೆಂಡತಿ ಕಾವ್ಯಳಿಗೆಂದು ಕಟ್ಟಿಕೊಟ್ಟ ಚಕ್ಕುಲಿ ಹಿಡಿದುಕೊಂಡು ಬಸ್ಸು ಹತ್ತಿದೆ. ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿದೆ. ತೆರಕಣಾಂಬಿ ದಾಟಿ ಸ್ವಲ್ಪ ದೂರ ಬಂದಾಗ, ಪಕ್ಕದಲ್ಲಿ ಕೂತಿದ್ದ ಹೆಂಗಸು ಬಾಟಲಿಯಿಂದ ನೀರು ಕುಡಿದಳು. ಅಷ್ಟೇ.

ತಾಮ್ರ ಸೋಕಿದರೆ ಬಸವನಹುಳು ಬದುಕುವುದಿಲ್ಲ. ಯಾರು ಹೇಳಿದ್ದು? ನಾನೇ. ಕ್ರಿಮಿ ಸಾಯುತ್ತದೆ ಎಂದು ಇದೇ ಪುಸ್ತಕದಲ್ಲಿ ಮೆರೆದು ಬರೆದದ್ದು ಯಾರು? ನಾನೇ. ದಿನಾ ತೊಟ್ಟಿಗೆ ನೀರು ಹಾಕುತ್ತಿರುವುದು?

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಅಡಿಗೆಮನೆಗೆ ಹೋದೆ. ಬಿಂದಿಗೆ ಥಳಥಳ ಹೊಳೆಯುತ್ತಿತ್ತು. ಕಂಠದ ಒಳಗೆ ಬೆರಳು ಆಡಿಸಿದರೆ ಮಾತ್ರ ಸಣ್ಣ ಹಸಿರು ಕಿಲುಬು. ಫಿಲ್ಟರಿನ ನೀರಿನಲ್ಲಿ ತನ್ನದೆಂಬುದು ಏನೂ ಇಲ್ಲ, ಹಾಕಿಟ್ಟದ್ದರ ಗುಣವನ್ನು ಎಳೆದುಕೊಳ್ಳುತ್ತದೆ. ನಾನು ಹುಣಸೆಹಣ್ಣಿನಲ್ಲಿ ಬೆಳಗಿ ಬೆಳಗಿ ಅದಕ್ಕೆ ಹೊಸ ತಾಮ್ರ ಒದಗಿಸಿಕೊಟ್ಟಿದ್ದೇನೆ. ತೊಟ್ಟಿಯಿಂದ ನೀರು ಆವಿಯಾಗಿ ಹೋಗುತ್ತದೆ, ತಾಮ್ರ ಹೋಗುವುದಿಲ್ಲ. ದಿನಾ ಹಾಕಿದ್ದು ಅಲ್ಲೇ ಸೇರುತ್ತಾ ಬಂದಿದೆ. ಒಂದು ಹೊತ್ತೂ ತಪ್ಪಿಸದೆ, ಶ್ರದ್ಧೆಯಿಂದ ಹಾಕಿದ್ದೇನೆ.

೧೮ ಮೇ, ಶುಕ್ರವಾರ

ಕಾರಣ ಸಿಕ್ಕಿತು. ನನಗೆ ಅನುಮಾನವಿಲ್ಲ.

ವಿಜ್ಞಾನದ ಕ್ರಮದಲ್ಲಿ ಹೋದರೆ ಪರೀಕ್ಷೆ ಮಾಡಿ ನೋಡಬೇಕು. ಎರಡು ಬಾಟಲಿ, ಒಂದರಲ್ಲಿ ಬಿಂದಿಗೆಯ ನೀರು, ಒಂದರಲ್ಲಿ ಕ್ಯಾನಿನದು, ಎರಡಕ್ಕೂ ಕಡಲುಪ್ಪು ಬೆರೆಸಿ ಒಂದೊಂದು ಬಸವನಹುಳು. ಬಾಟಲಿ ತೊಳೆದು ಸಿದ್ಧವನ್ನೂ ಮಾಡಿದೆ. ತೊಟ್ಟಿಯಲ್ಲಿ ಉಳಿದಿರುವುದು ಎರಡೇ. ಎರಡೂ ಗಾಜಿನ ಮೇಲ್ಗಡೆ ಅಂಚಿಗೆ ಬಂದು, ನೀರಿನಿಂದ ಆದಷ್ಟು ದೂರ ಕೂತಿದ್ದವು. ಪರೀಕ್ಷೆ ಕೈಬಿಟ್ಟು ಬಾಟಲಿಗಳನ್ನು ಎತ್ತಿಟ್ಟೆ. ಇದನ್ನು ನನ್ನ ವಿದ್ಯಾರ್ಥಿ ಮಾಡಿದ್ದರೆ ಅರ್ಧ ಅಂಕ ಕಳೆಯುತ್ತಿದ್ದೆ.

ಇವತ್ತು ನೀರು ಕ್ಯಾನಿನಿಂದ ಹಾಕಿದೆ. ಆದರೆ ಒಳಗೆ ಸೇರಿರುವ ತಾಮ್ರವನ್ನು ತೆಗೆಯುವುದು ಹೇಗೆಂದು ನನಗೆ ಗೊತ್ತಿಲ್ಲ. ಗೊತ್ತಿರುವವಳು ಬೇಗೂರಿನಲ್ಲಿದ್ದಾಳೆ. ಮಗ "ನಾನ್ ಹೇಳ್ಲಾ ಅವ್ವ?" ಎಂದ. ಬೇಡ ಎಂದೆ. ಬಿಂದಿಗೆ ನನ್ನದು, ಬಾಯಿಯೂ ನನ್ನದೇ ಆಗಬೇಕು. ಡಾಕ್ಟರನ್ನೂ ಕೇಳಿಕೊಂಡೆ. ಸಮಾಧಾನವಾಗಿ ಹೇಳಿ, ಬಿ.ಪಿ. ಈಗ ಹತೋಟಿಯಲ್ಲಿದೆ ಎಂದರು.

೨೦ ಮೇ, ಭಾನುವಾರ

ಬೇಗೂರು. ಹೆದ್ದಾರಿಯಲ್ಲಿ ಇಳಿದಾಗ ಪುಟ್ಟಸಿದ್ದಮ್ಮ ಅಂಗಡಿಯ ಹತ್ತಿರವೇ ಸಿಕ್ಕರು. "ಬನ್ನಿ ಅಕ್ಕ, ಏನ್ ಒಬ್ರೇ ಬಂದ್ಬುಟ್ರಿ?" ಎಂದು ಕೈಚೀಲ ಇಸಿದುಕೊಂಡರು. ಅವರ ಮುಖದಲ್ಲಿ ಗಾಬರಿ. ಜಗಳಕ್ಕೆ ಬಂದೆ ಎಂದುಕೊಂಡರೋ ಏನೋ.

ಕಾವ್ಯ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಹೊಟ್ಟೆ ಕಾಣುತ್ತಿದೆ. ಮೈ ತುಂಬಿಕೊಂಡಿದೆ, ಬಣ್ಣವೂ ಬಂದಿದೆ. ನಮ್ಮ ಮನೆಯಲ್ಲಿದ್ದಾಗ ಹೀಗಿರಲಿಲ್ಲ.

ದಾರಿಯುದ್ದಕ್ಕೂ ಪೀಠಿಕೆ ಸಿದ್ಧಮಾಡಿಕೊಂಡು ಹೋಗಿದ್ದೆ. ಒಂದೂ ಬಾಯಿಗೆ ಬರಲಿಲ್ಲ. "ನಿನ್ನ ಹವಳ ಬಿಳಿಯಾಗಿವೆ. ಸೀಗಡಿ ಸತ್ತಿತು. ಬಸವನಹುಳು ಎರಡು ಉಳಿದಿವೆ. ನಾನು ತಾಮ್ರದ ಬಿಂದಿಗೆ ನೀರು ಹಾಕಿದೆ" ಎಂದೆ.

ಅವಳು ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ಕಣ್ಣಿನಲ್ಲೇ "ಯಾವಾಗಿಂದ?" ಎಂದಳು.

"ನೀನು ಹೋದ ಮಾರನೇ ದಿನದಿಂದ."

"ಕ್ಯಾನಿಂದಲೇ ಹಾಕಿ ಅಂತ ಹೇಳೋಕ್ ಬಂದೆ ಅತ್ತೆ."

"ಗೊತ್ತು. ನಾನು ಮಾತು ಮುಗಿಸೋಕೆ ಬಿಡಲಿಲ್ಲ."

ಕಣ್ಣೊರೆಸಿಕೊಂಡಳು. ಸೀಗಡಿಯ ಬಗ್ಗೆ ಕೇಳಿದಳು. ತುಳಸಿಕಟ್ಟೆಯ ಹತ್ತಿರ ಮಣ್ಣು ಮಾಡಿದೆ ಎಂದೆ. ಅದಕ್ಕೆ ಇನ್ನೊಂದಿಷ್ಟು ಅತ್ತಳು. ಪುಟ್ಟಸಿದ್ದಮ್ಮ ಬಾಗಿಲಲ್ಲೇ ನಿಂತಿದ್ದರು.

"ನಾನು ಬೇಕು ಅಂತಲೇ ಕೊಂದೆ ಅಂತ ಬೀದಿಯಲ್ಲಿ ಆಡಿಕೊಳ್ಳೋರು ಇರ್ತಾರೆ" ಎಂದೆ.

"ನಾನ್ ಹಂಗ್ ಅಂದ್ಕೊಳಲ್ಲ ಅತ್ತೆ. ನಿಮಗೆ ಆಗ್ದೇ ಇದ್ರೆ ಮುಖಕ್ಕೇ ಹೇಳ್ತೀರ. ಹಿಂದಿನಿಂದ ಮಾಡೋರಲ್ಲ ನೀವು."

ಇದು ಹೊಗಳಿಕೆಯೋ ಏನೋ, ಬಸ್ಸಿನಲ್ಲಿ ಬರುವಾಗಲೂ ತಿಳಿಯಲಿಲ್ಲ.

ಆಮೇಲೆ ಏನೇನು ಮಾಡಬೇಕೆಂದು ಹೇಳಿದಳು. ಹೊಸದಾಗಿ ಉಪ್ಪು ಬೆರೆಸಿ ಒಂದು ದಿನ ಇಟ್ಟ ನೀರು, ತೊಟ್ಟಿಯ ಕಾಲು ಭಾಗ, ಎರಡು ದಿನಕ್ಕೊಮ್ಮೆ ಬದಲಾಯಿಸಬೇಕು. ಮೈಸೂರಿನ ಮೀನಿನ ಅಂಗಡಿಯಿಂದ ತಾಮ್ರ ಹೀರುವ ಇದ್ದಿಲು ತರಿಸಿ, ತೊಳೆದು, ಚೀಲದಲ್ಲಿ ಕಟ್ಟಿ ನೀರು ಹರಿಯುವ ಕಡೆ ಇಳಿಬಿಡಬೇಕು. ಅವಸರ ಮಾಡಬಾರದು, ಹವಳಕ್ಕೆ ಅವಸರ ಆಗುವುದಿಲ್ಲ. ಕೇಳುತ್ತಾ ಎಷ್ಟೋ ಸಲ ನಡುವೆ ಬಾಯಿ ಹಾಕಬೇಕೆನಿಸಿತು. ಪ್ರತಿ ಸಲವೂ ಒಂದು ಚಕ್ಕುಲಿ ಬಾಯಿಗೆ ಹಾಕಿಕೊಂಡೆ. ಅವಳಿಗೆಂದು ತಂದ ಚಕ್ಕುಲಿ ಬಹುಪಾಲು ನನ್ನ ಹೊಟ್ಟೆಗೇ ಹೋಯಿತು.

ಹೇಳುವುದೆಲ್ಲ ಮುಗಿದ ಮೇಲೆ "ಕಾರವಾರದ ಸಮುದ್ರ ಹೇಗಿದೆ? ನಾನು ನೋಡಿಲ್ಲ" ಎಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಹೇಳತೊಡಗಿದಳು. ಬೆಳಗಿನ ಜಾವ ನೀರು ಹಿಂದಕ್ಕೆ ಹೋದಾಗ ಬಂಡೆಯ ಗುಂಡಿಗಳಲ್ಲಿ ಉಳಿಯುವ ಜೀವಿಗಳು, ಅವನ್ನು ನೋಡಲು ಸೀರೆ ಎತ್ತಿ ಕಟ್ಟಿ ಓಡುತ್ತಿದ್ದ ಹುಡುಗಿಯರು, ಬೈಯುತ್ತಿದ್ದ ಲೆಕ್ಚರರು. ಪುಟ್ಟಸಿದ್ದಮ್ಮ ಮೂರು ಸಲ ಕಾಫಿ ತಂದಿಟ್ಟರು. ಕೊನೆಯ ಬಸ್ಸು ಸ್ವಲ್ಪದರಲ್ಲಿ ತಪ್ಪಿಹೋಗುತ್ತಿತ್ತು.

ಮಡಿಲು ತುಂಬುವ ದಿನ ಕೇಳಬೇಕೆಂದೇ ಹೋಗಿದ್ದೆ. ಅದನ್ನು ಕೇಳಲೇ ಇಲ್ಲ ಎಂದು ಹೊಳೆದದ್ದು ಮನೆಗೆ ಬಂದ ಮೇಲೆ.

೨೫ ಮೇ, ಶುಕ್ರವಾರ

ನೀರು ಬದಲಾಯಿಸಿದೆವು. ಮಗ ಬಕೆಟ್ಟು ಹೊರುತ್ತಾನೆ, ನಾನು ಉಪ್ಪು ಅಳೆಯುತ್ತೇನೆ. ಇದ್ದಿಲು ಹಾಕಿಯಾಯಿತು. ಕ್ಯಾನಿನ ಮೇಲೆ "ಕಾವ್ಯಳದ್ದು. ಯಾರೂ ಮುಟ್ಟಬಾರದು" ಎಂದು ಚೀಟಿ ಅಂಟಿಸಿದೆ. "ಯಾರೂ ಅಂದ್ರೆ ಯಾರವ್ವ?" ಎಂದ ಮಗ. ಕುಚೋದ್ಯ.

ದಿನಾ ಸಂಜೆ ಫೋನು. ಅವಳು ಕೇಳುತ್ತಾಳೆ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಇವತ್ತೂ ಬಿಳಿ ಎಂದೆ. ಇರಲಿ ಅತ್ತೆ ಎಂದಳು.

೧ ಜೂನ್, ಶುಕ್ರವಾರ

ಬಿಳಿ. ಬಸವನಹುಳು ಎರಡೂ ಕೆಳಗಿಳಿದು ಪಾಚಿ ತಿನ್ನುತ್ತಿವೆ.

೮ ಜೂನ್, ಶುಕ್ರವಾರ

ದೊಡ್ಡ ಕೈ ಹೋಯಿತು. ಬುಡ ಕರಗಿ ಬಿದ್ದಿತ್ತು. ಫೋನಿನಲ್ಲಿ ಹೇಳಿದೆ. ನಡುವೆ ಮೂಗು ಸೀಟಿದೆ. "ಅಳ್ಬೇಡಿ ಅತ್ತೆ, ನಿಮಗೂ ಬಿ.ಪಿ. ಬಂದ್ರೆ ಏನ್ ಗತಿ?" ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ನಾನು ಅಳಲಿಲ್ಲ, ನೆಗಡಿಯಾಗಿದೆ ಎಂದೆ.

ಚಿಕ್ಕಬಸಮ್ಮ ಬಂದು, "ಓಗ್ಲಿ ಬುಡಿ ಟೀಚರಮ್ಮ, ಮೀನ್ ಪೆಟ್ಗೆ ಕಾಟ ತಪ್ತು ಅನ್ಕಳಿ. ಮೊದ್ಲಿಂದ್ಲೂ ನಿಮಗ್ ಬೇಡ್ವಾಗಿತ್ತಲ್ಲ" ಎಂದಳು. ಅವಳನ್ನು ಹೊಸ್ತಿಲ ಆಚೆಯೇ ನಿಲ್ಲಿಸಿ ಕಳಿಸಿದೆ. ನಮ್ಮ ಮನೆಯ ತೊಟ್ಟಿಯ ಬಗ್ಗೆ ಹಗುರವಾಗಿ ಮಾತಾಡಲು ಅವಳು ಯಾರು?

೨೦ ಜೂನ್, ಬುಧವಾರ

ಬೆಳಿಗ್ಗೆ ದೀಪ ಹಾಕಿದಾಗ ನಡುವಿನ ಗುಂಡಿಗಳಲ್ಲಿ ಏನೋ ಕಂಡಿತು. ಕನ್ನಡಕ ಒರೆಸಿ ನೋಡಿದೆ. ಮಗನನ್ನು ಕರೆದು ತೋರಿಸಿದೆ. ಅವನಿಗೂ ಕಂಡಿತು. ನಾಲ್ಕೈದು ಗುಂಡಿಗಳ ಅಂಚಿನಲ್ಲಿ ತೆಳುವಾಗಿ ಬಣ್ಣ. ಹಸಿರಲ್ಲ. ಕಂದು, ನೀರಿಗೆ ಕಾಫಿ ಚೆಲ್ಲಿದಷ್ಟು.

ಸಂಜೆಯವರೆಗೆ ಕಾಯಲಾಗಲಿಲ್ಲ. ಆಗಲೇ ಫೋನ್ ಮಾಡಿದೆ.

"ಕಂದು ಬಂದಿದೆ. ಹಸಿರು ಇಲ್ಲ, ಕಂದು. ಇದು ಕೆಟ್ಟದ್ದೇ?"

"ಅಂಚಲ್ಲಾ ಅತ್ತೆ? ಒಂದೇ ಸಮ ಇದೆಯಾ?"

"ಅಂಚಲ್ಲೇ. ಒಂದೇ ಸಮ."

"ಅಯ್ಯೋ, ಪಾಚಿ ವಾಪಸ್ಸು ಬಂದಿದೆ ಅತ್ತೆ! ಮೊದ್ಲು ಕಂದೇ ಬರೋದು. ಹಸಿರು ಆಮೇಲೆ ಬರತ್ತೆ." ಆ ನಗು. ಅಡಿಗೆಮನೆಯಿಂದ ಕೇಳಿಸುತ್ತಿದ್ದದ್ದೇ. ನಾನು ಏನೂ ಕೆಲಸ ಹೇಳದೆ ಪೂರ್ತಿ ಕೇಳಿಸಿಕೊಂಡೆ.

ನಗು ನಿಂತ ಮೇಲೆ ತಾನಾಗಿಯೇ, "ಅಧಿಕ ಮಾಸ ಕಳೀತಲ್ಲ ಅತ್ತೆ. ಮಡ್ಲು ತುಂಬಿಸ್ಕೊಳ್ಳೋಕೆ ಯಾವತ್ತು ಬರ್ಲಿ?" ಎಂದಳು.

ಪಂಚಾಂಗ ಕೈಯಲ್ಲೇ ಇತ್ತು. ಒಳ್ಳೆಯ ದಿನಗಳಿಗೆಲ್ಲ ಎಂದೋ ಗುರುತು ಹಾಕಿ ಇಟ್ಟಿದ್ದೆ. "ನಿನಗೆ ಯಾವತ್ತು ಅನುಕೂಲ, ನೀನೇ ಹೇಳು" ಎಂದೆ.

ಆ ಕಡೆಯಿಂದ ಸದ್ದೇ ಇಲ್ಲ. ಲೈನು ಕೆಟ್ಟಿತೇನೋ ಎಂದು ಹಲೋ ಹಲೋ ಎಂದೆ. ಈ ಫೋನು ಯಾವಾಗಲೂ ಹೀಗೇ.

"ಇದೀನಿ ಅತ್ತೆ" ಎಂದಳು. ಧ್ವನಿ ಸ್ವಲ್ಪ ಒದ್ದೆಯಾಗಿತ್ತು. "ಸೋಮವಾರ ಆಗ್ಬೋದಾ?"

"ಸೋಮವಾರ ಬಹಳ ಪ್ರಶಸ್ತ" ಎಂದೆ.

ಫೋನಿಟ್ಟ ಮೇಲೆ ಪಂಚಾಂಗ ತೆಗೆದು ನೋಡಿದೆ. ಅವಳ ನಕ್ಷತ್ರಕ್ಕೆ ಸೋಮವಾರ ಅಷ್ಟೇನೂ ಸರಿಯಿಲ್ಲ. ಪಂಚಾಂಗವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಇದನ್ನು ಯಾರಿಗೂ ಹೇಳುವುದಿಲ್ಲ.